ಎತ್ತಿದ ಭಾರದ ಲೆಕ್ಕ

ಕೇಳುಗರಿಗೆ ನಮಸ್ಕಾರ. ಹುಬ್ಬಳ್ಳಿ-ಧಾರವಾಡದ ಯಾವುದೇ ಜಿಮ್‌ನಲ್ಲಿ ಇಬ್ಬರು ಹುಡುಗರು ತಾವು ಎತ್ತುವ ಭಾರದ ಬಗ್ಗೆ ವಾದಕ್ಕೆ ನಿಂತರೆ, ಒಬ್ಬನು ಹೇಳುವ 40 ಕಿಲೋ ಮತ್ತು ಇನ್ನೊಬ್ಬನು ಹೇಳುವ 60 ಕಿಲೋ ಒಂದೇ ಭಾರವಾಗಿರುವುದು ಅಪರೂಪವೇನಲ್ಲ. ಮೊದಲನೆಯವನು ಎರಡು ಬದಿಗೆ ಏರಿಸಿದ ತಲಾ 20 ಕಿಲೋದ ಪ್ಲೇಟುಗಳನ್ನಷ್ಟೇ ಎಣಿಸಿದ್ದಾನೆ. ಎರಡನೆಯವನು ಅವುಗಳ ನಡುವಿನ 20 ಕಿಲೋದ ರಾಡನ್ನೂ ಸೇರಿಸಿದ್ದಾನೆ. ಅಮರಗೋಳದ ಮಾರುಕಟ್ಟೆಯಲ್ಲಿ ಕಾಳಿನ ಲೆಕ್ಕಕ್ಕೆ ಖಾಲಿ ಚೀಲದ ತೂಕವನ್ನು ಕಳೆಯುವುದು ನ್ಯಾಯವೇ ಸರಿ, ಆದರೆ ಚೀಲ ಹೊರುವ ಹಮಾಲನ ಬೆನ್ನಿಗೆ ಆ ರಿಯಾಯಿತಿ ಇಲ್ಲ. ಆದ್ದರಿಂದ ರಾಡನ್ನು ಬಿಟ್ಟು ಎಣಿಸುವ ನಮ್ಮ ರೂಢಿಯನ್ನು ನಾನು ಒಪ್ಪುವುದಿಲ್ಲ.

ಅಮೆರಿಕದಲ್ಲಿ ರಾಡನ್ನು ಸೇರಿಸಿಯೇ ಹೇಳುತ್ತಾರೆ, ಆದರೆ ಪೌಂಡಿನಲ್ಲಿ. ಒಂದು ಪೌಂಡ್ ಎಂದರೆ 0.45359237 ಕಿಲೋಗ್ರಾಂ ಎಂಬುದು 1959ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ದೇಶಗಳು ಸೇರಿ ನಿಗದಿಪಡಿಸಿದ ಪ್ರಮಾಣ. ಅಲ್ಲಿನ ದೊಡ್ಡ ಪ್ಲೇಟು 45 ಪೌಂಡಿನದು, ಅಂದರೆ ನಮ್ಮ 20 ಕಿಲೋಕ್ಕಿಂತ ಸುಮಾರು 400 ಗ್ರಾಂ ಹೆಚ್ಚು. ಅಲ್ಲಿಯವರು ‘ಎರಡು ಪ್ಲೇಟು’ ಎಂದರೆ ಪ್ರತಿ ಬದಿಗೆ ಎರಡೆಂದು ತಿಳಿಯಬೇಕು. ನಾಲ್ಕು ಪ್ಲೇಟು ಮತ್ತು 45 ಪೌಂಡಿನ ರಾಡು ಸೇರಿ 225 ಪೌಂಡ್, ನಮ್ಮ ಲೆಕ್ಕದಲ್ಲಿ 102 ಕಿಲೋ. ವೃತ್ತಿಪರ ಅಮೆರಿಕನ್ ಫುಟ್‌ಬಾಲ್‌ಗೆ ಬರುವ ಆಟಗಾರರ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ತಳ್ಳುವ) ಪರೀಕ್ಷೆಯಲ್ಲಿ ಬಳಸುವುದೂ ಇಷ್ಟೇ ಭಾರವನ್ನು. ಮೊಬೈಲಿನಲ್ಲಿ 225 ಎಂಬ ಆ ಸಂಖ್ಯೆಯನ್ನು ಕೇಳಿದ ಗದುಗಿನ ಹೊಸ ಹುಡುಗನೊಬ್ಬನು ಅದನ್ನು ಕಿಲೋ ಎಂದುಕೊಂಡರೆ, ಒಂದೋ ಎದೆಗುಂದುತ್ತಾನೆ, ಇಲ್ಲವೇ ಸೊಂಟ ಉಳುಕಿಸಿಕೊಳ್ಳುತ್ತಾನೆ.

ಬ್ರಿಟನ್ನಿನವರದು ಇನ್ನೊಂದು ಬಗೆ: ಜಿಮ್‌ನಲ್ಲಿ ಎತ್ತುವುದು ಕಿಲೋದಲ್ಲಿ, ತಮ್ಮ ಮೈತೂಕ ಹೇಳುವುದು ಬಹುಮಟ್ಟಿಗೆ 14 ಪೌಂಡಿನ ‘ಸ್ಟೋನ್’ ಲೆಕ್ಕದಲ್ಲಿ. ರಷ್ಯಾದ ಹಳೆಯ ‘ಪೂದ್’ ಅಳತೆ ಸುಮಾರು 16.38 ಕಿಲೋ, ಹಿಡಿಕೆಯಿರುವ ಗುಂಡಿನಂಥ ಕೆಟಲ್‌ಬೆಲ್‌ಗಳು 16, 24, 32 ಕಿಲೋಗಳಲ್ಲಿ, ಅಂದರೆ ಹೆಚ್ಚುಕಡಿಮೆ ಒಂದು, ಒಂದೂವರೆ, ಎರಡು ಪೂದ್‌ಗಳಲ್ಲಿ, ಬರುವುದಕ್ಕೆ ಅದೇ ಮೂಲ.

ಡಂಬೆಲ್ ವಿಷಯದಲ್ಲಿ ಗೊಂದಲ ಎಲ್ಲ ದೇಶಗಳಲ್ಲೂ ಇದೆ. ಸಾಮಾನ್ಯವಾಗಿ ಒಂದು ಕೈಯ ತೂಕವನ್ನೇ ಹೇಳುವುದು ವಾಡಿಕೆ, ಆದರೆ ಎರಡನ್ನೂ ಕೂಡಿಸಿ ದೊಡ್ಡ ಸಂಖ್ಯೆ ಹೇಳುವವರೂ ಇದ್ದಾರೆ. ಯಂತ್ರಗಳ ಮೇಲಿನ ಸಂಖ್ಯೆಯನ್ನಂತೂ ಅಷ್ಟಾಗಿ ನೆಚ್ಚಬಾರದು. ಭಾರದ ಜೊತೆಗೇ ಚಲಿಸುವ ಗಾಲಿಯನ್ನು ಹಗ್ಗವು ಸುತ್ತಿ ಬಂದಿದ್ದರೆ, 40 ಎಂದು ಬರೆದಲ್ಲಿ ಕೈಗೆ ತಗಲುವುದು ಹೆಚ್ಚುಕಡಿಮೆ 20 ಮಾತ್ರ. ನಮ್ಮ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲಿಗೆ ಈ ಯಾವ ತಕರಾರೂ ಇಲ್ಲ; ಕಲ್ಲು ಒಂದೇ, ಎದ್ದರೆ ಎದ್ದಿತು.

ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್‌ನಲ್ಲಿ ಎಲ್ಲರಿಗೂ ಕಿಲೋ ಒಂದೇ. ಪ್ಲೇಟಿನ ಬಣ್ಣವೂ ನಿಗದಿ: ಕೆಂಪು 25, ನೀಲಿ 20, ಹಳದಿ 15, ಹಸಿರು 10. ಮೀರಾಬಾಯಿ ಚಾನು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ 202 ಕಿಲೋ ಒಂದೇ ಸಲ ಎತ್ತಿದ ಭಾರವಲ್ಲ, ಒಂದೇ ಓಘದಲ್ಲಿ ತಲೆಯ ಮೇಲಕ್ಕೆ ಎತ್ತುವ ಸ್ನ್ಯಾಚ್‌ನ 87 ಮತ್ತು ಮೊದಲು ಹೆಗಲಿಗೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನ 115 ಕೂಡಿದ ಮೊತ್ತ. ಅಲ್ಲಿ ಪ್ಲೇಟು ಜಾರದಂತೆ ಬಿಗಿಯುವ ಕಾಲರ್‌ಗಳೂ ತಲಾ ಎರಡೂವರೆ ಕಿಲೋ ಎಂದು ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಒಂದೂ ಪ್ಲೇಟು ಏರಿಸುವ ಮೊದಲೇ ಪುರುಷರ ರಾಡು 25 ಕಿಲೋ, ಮಹಿಳೆಯರದು 20 ಕಿಲೋ ಆಗಿರುತ್ತದೆ.