ಕಾಪಿ ಹೊಡೆಯೋದ್ರಲ್ಲಿ ನಾವೇ ನಂಬರ್ ಒನ್: ಆಲೆಮನೆ ಬೆಲ್ಲ, ಬಂಡೀಪುರದ ಕೋತಿ, ಜಪಾನಿನ ಗೆಣಸು

[ದೃಶ್ಯ: ಆಲೆಮನೆ, ಹೊಗೆ, ಕುದೀತಿರೋ ಕೊಪ್ಪರಿಗೆ. ಮ್ಯೂಸಿಕ್ ಬೇಡ, ಕುದಿಯೋ ಸೌಂಡೇ ಸಾಕು]

ನಮಸ್ಕಾರ ಎಲ್ರಿಗೂ. ಈ ಗುಳುಗುಳು ಅಂತ ಸೌಂಡ್ ಕೇಳಿಸ್ತಿದ್ಯಲ್ಲ, ಇದು ಮಂಡ್ಯ ಹತ್ರ ನಮ್ಮೂರ ಆಲೆಮನೆ, ಕೊಪ್ಪರಿಗೇಲಿ ಕಬ್ಬಿನ ಹಾಲು ಕುದೀತಾ ಇದೆ, ಎಡಗಡೆ ಹೆಗಲ ಮೇಲೆ ಟವಲ್ ಹಾಕ್ಕೊಂಡು ನಿಂತಿರೋದು ನಮ್ ದೊಡ್ಡಪ್ಪ. ಈಗ ಅವ್ರು ಏನ್ ಮಾಡ್ತಾರೆ ನೋಡಿ. ಬೆಂಡೆಗಿಡದ ಕಾಂಡ ಜಜ್ಜಿ ನೀರಲ್ಲಿ ನೆನೆಸಿಟ್ಟಿದ್ದಾರೆ, ಆ ಲೋಳೆ ತಗೊಂಡು ಕೊಪ್ಪರಿಗೆಗೆ ಸುರಿದ್ರು, ಒಂದೆರಡು ನಿಮಿಷಕ್ಕೆ ಮಡ್ಡಿ ಎಲ್ಲಾ ಮೇಲೆ ಬಂತು, ಜರಡಿ ಸೌಟಲ್ಲಿ ಬಾಚಿ ಆಚೆ ಹಾಕ್ತಿದ್ದಾರೆ.

ನಾನ್ ಕೇಳ್ದೆ, ದೊಡ್ಡಪ್ಪ, ಬೆಂಡೆಗಿಡಾನೇ ಯಾಕೆ? ಅದಕ್ಕವ್ರು, "ಯಾಕೆ ಅಂದ್ರೆ ನಾನೇನ್ ಹೇಳ್ಲಾ ಮಗಾ, ನಮ್ಮಪ್ಪ ಹಾಕ್ತಿದ್ದ, ನಾನೂ ಹಾಕ್ತೀನಿ" ಅಂದ್ರು.

ಇಷ್ಟೇ ಉತ್ತರ. ಈ ಉತ್ತರದ ಮೇಲೇನೇ ಇವತ್ತಿನ ಇಡೀ ವಿಡಿಯೋ. ಒಬ್ಬರನ್ನ ನೋಡಿ ಇನ್ನೊಬ್ರು ಕಲಿಯೋದು, ಹಂಗೆ ಕಲ್ತಿದ್ದು ತಲೆಮಾರಿಂದ ತಲೆಮಾರಿಗೆ ಉಳೀತಾ ಬದಲಾಗ್ತಾ ಹೋಗೋದು, ಇದಕ್ಕೆ ಕಲ್ಚರಲ್ ಎವಲ್ಯೂಷನ್ ಅಂತಾರೆ.

ಯಾಕಂದ್ರೆ ಆ ಪ್ರಶ್ನೆಗೆ ಸೈನ್ಸಲ್ಲಿ ಉತ್ತರ ಇದೆ. ಬೆಂಡೆ ಲೋಳೇಲಿರೋ ಅಂಟು ಬಿಸಿಗೆ ಗಟ್ಟಿಯಾಗ್ತಾ ಹಾಲಲ್ಲಿರೋ ಕಸನೆಲ್ಲಾ ಹಿಡ್ಕೊಂಡು ಮೇಲೆ ತೇಲತ್ತೆ. ಸುಣ್ಣ ಹಾಕ್ತಾರಲ್ಲ, ಅದು ಹುಳಿ ಅಂಶ ಕಮ್ಮಿ ಮಾಡತ್ತೆ, ಹುಳಿ ಜಾಸ್ತಿ ಇದ್ರೆ ಸಕ್ಕರೆ ಒಡೆದು ಬೇರೆ ಸಕ್ಕರೆ ಆಗೋಗತ್ತೆ, ಆಮೇಲೆ ಬೆಲ್ಲ ಅಚ್ಚಲ್ಲಿ ಕೂರಲ್ಲ, ಜೋಲು ಬೀಳತ್ತೆ. ಪಾಕ ಇಳಿಸೋ ಹೊತ್ತಿಗೆ ಟೆಂಪರೇಚರ್ 118 ಡಿಗ್ರಿ ಆಸುಪಾಸು ಇರ್ಬೇಕು. ದೊಡ್ಡಪ್ಪಂಗೆ ಇದ್ಯಾವ್ದೂ ಗೊತ್ತಿಲ್ಲ. ಥರ್ಮಾಮೀಟರ್ ಕೂಡ ಇಲ್ಲ. ಒಂಚೂರು ಪಾಕ ತಣ್ಣೀರಿಗೆ ಹಾಕ್ತಾರೆ, ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾರೆ, ಆ ಕೈನ ಎಡಹೆಗಲ ಟವಲಿಗೆ ಒರೆಸ್ಕೋತಾರೆ, "ಇನ್ನೂ ಆಗಿಲ್ಲ" ಅಂತಾರೆ. ಮತ್ತೆ ಹಾಕ್ತಾರೆ, ಮತ್ತೆ ಉಂಡೆ, ಮತ್ತೆ ಟವಲು. ಆಮೇಲೆ ಒಂದ್ಸಲ ಇದ್ದಕ್ಕಿದ್ದಂಗೆ "ಇಳಿಸ್ರೋ" ಅಂತಾರೆ ನೋಡಿ, ಆಗ ಒಂದು ನಿಮಿಷ ಲೇಟಾದ್ರೂ ಕೆಟ್ಟೋಗತ್ತೆ.

ಸ್ಕೂಲಲ್ಲಿ ನಮಗೆಲ್ಲಾ ಏನ್ ಹೇಳ್ಕೊಟ್ರು, ಕಾಪಿ ಹೊಡೀಬೇಡ, ಅರ್ಥ ಮಾಡ್ಕೊಂಡು ಓದು ಅಂತ. ಎಕ್ಸಾಮಿಗೆ ಅದು ಸರಿ. ಆದ್ರೆ ಅರ್ಥ ಆದ್ಮೇಲೇ ಬೆಂಡೆಲೋಳೆ ಹಾಕ್ತೀನಿ ಅಂತ ನಮ್ಮ ಮುತ್ತಾತ ಹಠ ಹಿಡಿದಿದ್ರೆ ನಮ್ಮೂರಲ್ಲಿ ಯಾರೂ ಬೆಲ್ಲ ತಿಂತಿರ್ಲಿಲ್ಲ.

[ದೃಶ್ಯ: ಗೆಣಸು ಹಿಡ್ಕೊಂಡಿರೋ ಕೋತಿಯ ಡ್ರಾಯಿಂಗ್]

ಈಗ ಜಪಾನಿಗೆ ಹೋಗಣ. ಕೋಶಿಮಾ ಅಂತ ಒಂದು ಪುಟ್ಟ ದ್ವೀಪ, ಅಲ್ಲಿರೋ ಕೋತಿಗಳಿಗೆ ರಿಸರ್ಚ್ ಮಾಡೋರು ಗೆಣಸು ಹಾಕ್ತಿದ್ರು, ಮರಳಲ್ಲಿ ಹಾಕ್ತಿದ್ರಿಂದ ಕೋತಿಗಳು ಕೈಯಲ್ಲಿ ಉಜ್ಜಿ ಉಜ್ಜಿ ತಿಂತಿದ್ವು. 1953ರಲ್ಲಿ ಇಮೊ ಅನ್ನೋ ಒಂದೂವರೆ ವರ್ಷದ ಹೆಣ್ಣು ಮರಿ ಗೆಣಸು ತಗೊಂಡು ಹೋಗಿ ನೀರಲ್ಲಿ ತೊಳೀತು. ಇದನ್ನ ಮೊದ್ಲು ಗಮನಿಸಿದ್ದು ದೊಡ್ಡ ಪ್ರೊಫೆಸರ್ ಅಲ್ಲ, ಅದೇ ಊರಿನ ಟೀಚರ್, ಸತ್ಸುಎ ಮಿತೊ ಅಂತ. ಆಮೇಲೆ ಇಮೊ ಜೊತೆ ಆಟ ಆಡೋ ಮರಿಗಳು ಕಲಿತ್ವು, ಇಮೊ ಅಮ್ಮ ಕಲೀತು, 1962ರ ಹೊತ್ತಿಗೆ ಗುಂಪಿನ ಸುಮಾರು ಮುಕ್ಕಾಲು ಪಾಲು ಕೋತಿಗಳು ಗೆಣಸು ತೊಳೀತಿದ್ವು. ಕಲೀದೆ ಉಳಿದೋರು ಯಾರು ಗೊತ್ತಾ, ಹೆಚ್ಚಾಗಿ ವಯಸ್ಸಾದ ಗಂಡು ಕೋತಿಗಳು. ಅವು ಮರಿಗಳ ಜೊತೆ ಕೂರಲ್ಲ, ಹಂಗಾಗಿ ನೋಡೋ ಚಾನ್ಸೇ ಇಲ್ಲ. ಮನೇಲಿ ಯುಪಿಐ ಮಾಡೋಕೆ ಬರ್ದೇ ಇರೋ ಯಜಮಾನ್ರು ಯಾರಾದ್ರೂ ನೆನಪಾದ್ರೆ ಅದಕ್ಕೆ ನಾನು ಜವಾಬ್ದಾರ ಅಲ್ಲ.

ಇಲ್ಲೊಂದು ಎಚ್ಚರಿಕೆ. ನೂರನೇ ಕೋತಿ ಕಲಿತ ತಕ್ಷಣ ಸಮುದ್ರದಾಚೆ ಇರೋ ಬೇರೆ ದ್ವೀಪದ ಕೋತಿಗಳಿಗೂ ಮನಸ್ಸಿಂದ ಮನಸ್ಸಿಗೆ ಆಟೋಮ್ಯಾಟಿಕ್ ಆಗಿ ಹರಡ್ತು ಅಂತ ಒಂದು ಕಥೆ ಇದೆ, ವಾಟ್ಸಾಪಲ್ಲಿ ಬಂದಿರತ್ತೆ ನಿಮಗೂ. ಅದು ಶುದ್ಧ ಬುರುಡೆ. ನಿಜವಾಗಿ ಆಗಿದ್ದು ಅದಕ್ಕೆ ಪೂರ್ತಿ ಉಲ್ಟಾ, ಹರಡೋಕೆ ವರ್ಷಗಟ್ಲೆ ಹಿಡೀತು. ಎಷ್ಟು ನಿಧಾನ ಅಂದ್ರೆ, ಇದು ನೋಡಿ ಕಲ್ತಿದ್ದೇನಾ ಇಲ್ಲಾ ಒಂದೊಂದು ಕೋತೀನೂ ತಾನೇ ಕಂಡುಹಿಡ್ಕೊಳ್ತಾ ಅಂತ ಆಮೇಲೆ ವಿಜ್ಞಾನಿಗಳೇ ಡೌಟ್ ಪಟ್ರು. ಆ ಡೌಟು ನ್ಯಾಯವಾಗೇ ಇದೆ ಅನ್ಸತ್ತೆ ನನಗೆ.

[ದೃಶ್ಯ: ಮೈಸೂರು-ಊಟಿ ರೋಡು, ಕಾರಿನ ಗಾಜಿಂದ ತೆಗ್ದಿರೋ ಶಾಟ್]

ಜಪಾನ್ ಯಾಕೆ, ನಮ್ಮ ಬಂಡೀಪುರಕ್ಕೇ ಬನ್ನಿ. ಮೈಸೂರಿಂದ ಗುಂಡ್ಲುಪೇಟೆ ದಾಟಿ ಊಟಿಗೆ ಹೋಗೋರೆಲ್ಲಾ ಅಲ್ಲಿ ಕೋತಿ ನೋಡಿರ್ತೀರ, ನಮ್ ಕಡೆ ಎಲ್ಲಾ ಕಡೆ ಇರೋ ಅದೇ ಕೋತಿ, ಬಾನೆಟ್ ಮಕಾಕ್. ಅಲ್ಲಿನ ಕೆಲವು ಕೋತಿಗಳು ತಿಂಡಿ ಹಿಡಿದಿರೋರ ಹತ್ರ ಬಂದು ಕೈ ಮುಂದೆ ಚಾಚಿ, ಕೂ ಕೂ ಅಂತ ಸಣ್ಣ ಸ್ವರ ಮಾಡಿ, ಅವರ ಕಡೆ ನೋಡ್ತಾ ಕಾಯ್ತವೆ. ಕಿತ್ಕೊಳೋದಲ್ಲ ಕಣ್ರೀ, ಕೇಳೋದು! ಬೆಂಗಳೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್‌ಡ್ ಸ್ಟಡೀಸ್‌ನ ಅನಿಂದ್ಯ ಸಿನ್ಹಾ ಮತ್ತೆ ಅವರ ಜೊತೆಯವರು ಇದನ್ನ ಸ್ಟಡಿ ಮಾಡಿ 2018ರಲ್ಲಿ ಪೇಪರ್ ಬರೆದ್ರು. ಆ ಕೂ ಅನ್ನೋ ಸ್ವರ ಹೊಸದಲ್ಲ, ಅವು ತಮ್ಮತಮ್ಮಲ್ಲಿ ಬಳಸೋದೇ, ಅದನ್ನ ಮನುಷ್ಯರ ಹತ್ರ ತಿಂಡಿ ಕೇಳೋಕೆ ಬಳಸಿದ್ದು ಹೊಸದು. ಹುಟ್ಟುತ್ತಲೇ ಬರೋದಾಗಿದ್ರೆ ಚಾಮುಂಡಿ ಬೆಟ್ಟದ ಕೋತೀನೂ ಹಂಗೇ ಮರ್ಯಾದೆಯಿಂದ ಕೇಳ್ಬೇಕಿತ್ತಲ್ವಾ, ಅಲ್ಲಿ ಸೀದಾ ಬ್ಯಾಗಿಗೇ ಕೈ ಹಾಕ್ತವೆ, ನನ್ನ ಒಂದು ಪೊಟ್ಟಣ ಪುರಿ ಹೋಗಿದೆ. ಊರಿಂದ ಊರಿಗೆ ಕಸುಬು ಬೇರೆ.

ಹಂಗಂತ ಬಂಡೀಪುರದಲ್ಲಿ ಕಾರ್ ನಿಲ್ಸಿ ಬಾಳೆಹಣ್ಣು ಕೊಡ್ಬೇಡಿ, ಅದು ತಪ್ಪು, ಫೈನೂ ಬೀಳತ್ತೆ.

ಹಕ್ಕಿಗಳದ್ದು ಇನ್ನೂ ಮಜಾ. ಇಂಗ್ಲೆಂಡಲ್ಲಿ ಮನೆ ಬಾಗಿಲಿಗೆ ಹಾಲಿನ ಬಾಟ್ಲಿ ಇಟ್ಟು ಹೋಗ್ತಿದ್ರು, 1921ರಲ್ಲಿ ಸೌತಾಂಪ್ಟನ್ ಹತ್ರ ಟಿಟ್ ಅನ್ನೋ ಗುಬ್ಬಚ್ಚಿ ಸೈಜಿನ ಹಕ್ಕಿಗಳು ಮುಚ್ಚಳ ಕುಕ್ಕಿ ಮೇಲಿನ ಕೆನೆ ಹೊಡೀತಿದ್ದಿದ್ದು ಕಣ್ಣಿಗೆ ಬಿತ್ತು, ಮುಂದಿನ ಮೂವತ್ತು ವರ್ಷದಲ್ಲಿ ದೇಶದ ತುಂಬಾ ಅದೇ ಕಳ್ಳತನ. ಸರಿ, ಇದು ನೋಡಿ ಕಲಿತಿದ್ದೇನಾ ಅಂತ ಪಕ್ಕಾ ಮಾಡ್ಕೊಳೋಕೆ ಲೂಸಿ ಆಪ್ಲಿನ್ ಅನ್ನೋರ ಟೀಮು ಆಕ್ಸ್‌ಫರ್ಡ್ ಹತ್ರ ವೈಥಮ್ ಕಾಡಲ್ಲಿ ಒಂದು ಐಡಿಯಾ ಮಾಡ್ತು. ಒಂದು ಪೆಟ್ಟಿಗೆ, ಅದಕ್ಕೊಂದು ಜಾರೋ ಬಾಗಿಲು, ಬಲಕ್ಕೆ ತಳ್ಳಿದ್ರೂ ಎಡಕ್ಕೆ ತಳ್ಳಿದ್ರೂ ಒಳಗಿರೋ ಹುಳ ಸಿಗತ್ತೆ, ಎರಡರಲ್ಲೂ ಒಂದೇ ಲಾಭ. ಒಂದೊಂದು ಏರಿಯಾದಿಂದ ಎರಡೇ ಎರಡು ಹಕ್ಕಿ ಹಿಡಿದು ಟ್ರೈನಿಂಗ್ ಕೊಟ್ಟು ವಾಪಸ್ ಬಿಟ್ರು, ಈ ಏರಿಯಾದವಕ್ಕೆ ಎಡ, ಆ ಏರಿಯಾದವಕ್ಕೆ ಬಲ. ಹಂಗೆ ಬಿಟ್ಟ ಕಡೆ ಸರಾಸರಿ ಮುಕ್ಕಾಲು ಪಾಲು ಹಕ್ಕಿಗಳು ಕಲಿತ್ವು, ಅದೂ ತಮ್ಮ ಏರಿಯಾದ ಸ್ಟೈಲಲ್ಲೇ. ಇನ್ನೊಂದು ಕಡೆಯಿಂದಾನೂ ತೆಗೀಬೋದು ಅಂತ ತಾವೇ ಕಂಡ್ಕೊಂಡ ಹಕ್ಕಿಗಳೂ ಕಡೆಗೆ ಊರಿನ ಪದ್ಧತಿಗೇ ವಾಪಸ್ ಬಂದ್ವು. ಮುಂದಿನ ವರ್ಷ ಹಳೇ ಹಕ್ಕಿಗಳು ಎಷ್ಟೋ ಸತ್ತೋಗಿದ್ವು, ಪದ್ಧತಿ ಮಾತ್ರ ಹಂಗೇ ಇತ್ತು. 2015ರಲ್ಲಿ ಬಂದ ರಿಸಲ್ಟ್ ಇದು. ನಾವು ಮುದ್ದೆ ಅಗಿಯಲ್ಲ, ನುಂಗ್ತೀವಿ. ಅಗಿದ್ರೂ ಹೊಟ್ಟೆ ತುಂಬತ್ತೆ! ಆದ್ರೆ ಮಂಡ್ಯದಲ್ಲಿ ಪಂಕ್ತೀಲಿ ಕೂತು ಮುದ್ದೆ ಅಗಿದು ನೋಡಿ, ಪಕ್ಕದೋರು ನಿಮ್ಮನ್ನ ಹೆಂಗ್ ನೋಡ್ತಾರೆ ಅಂತ.

ಜೇನ್ನೊಣದ ಜಾತಿಗೆ ಸೇರಿದ ಬಂಬಲ್‌ಬೀ ಕೂಡ ಈ ಲಿಸ್ಟಲ್ಲಿದೆ. ಎರಡು ಸ್ಟೆಪ್ಪಲ್ಲಿ ತೆಗೀಬೇಕಾದ ಡಬ್ಬಿ ಕೊಟ್ರು, 12 ದಿನ, ಕೆಲವಕ್ಕೆ 24 ದಿನ ಟೈಮ್ ಕೊಟ್ರೂ ತಾವಾಗೇ ಒಂದೂ ತೆಗೀಲಿಲ್ಲ. ಕಲಿಸಿದ ಒಂದು ನೊಣದ ಜೊತೆ ಬಿಟ್ಮೇಲೆ ಕೆಲವು ಕಲಿತೇ ಬಿಟ್ವು. 2024ರದ್ದು. ಸಾಸಿವೆ ಕಾಳಿನಷ್ಟು ಮೆದುಳು ಇಟ್ಕೊಂಡು.

ಹಂಗಾದ್ರೆ ನಾವು ಹೆಂಗೆ ಬೇರೆ?

[ದೃಶ್ಯ: ಎರಡು ಡಬ್ಬಿ, ಒಂದು ಕಪ್ಪು, ಒಂದು ಗಾಜಿಂದು]

ಇದು ನನ್ನ ಫೇವರಿಟ್ ಪ್ರಯೋಗ, ವಿಕ್ಟೋರಿಯಾ ಹಾರ್ನರ್ ಮತ್ತೆ ಆಂಡ್ರೂ ವೈಟನ್ 2005ರಲ್ಲಿ ಬರೆದಿದ್ದು. ಉಗಾಂಡಾದಲ್ಲಿ ಎನ್ಗಾಂಬಾ ದ್ವೀಪದ ಚಿಂಪಾಂಜಿ ಮರಿಗಳು ಒಂದು ಕಡೆ, ಮೂರು ನಾಲ್ಕು ವರ್ಷದ ಮಕ್ಕಳು ಇನ್ನೊಂದು ಕಡೆ. ಒಬ್ರು ಬಂದು ಡಬ್ಬಿ ತೆಗೆದು ತೋರಿಸ್ತಾರೆ. ಮೊದ್ಲು ಕೋಲು ತಗೊಂಡು ಮೇಲಿನ ತೂತಿಗೆ ಕುಟ್ತಾರೆ, ಆಮೇಲೆ ಮುಂದಿನ ಬಾಗಿಲು ತೆಗೆದು ತಿಂಡಿ ಎಳ್ಕೋತಾರೆ. ಡಬ್ಬಿ ಕಪ್ಪಗಿದ್ದಾಗ ಚಿಂಪಾಂಜೀನೂ ಕುಟ್ತು, ಮಕ್ಕಳೂ ಕುಟ್ಟಿದ್ರು. ಆಮೇಲೆ ಅದೇ ಡಬ್ಬಿ ಗಾಜಿನ ಥರದ್ದು ಕೊಟ್ರು, ಮೇಲಿನ ತೂತಿಗೂ ತಿಂಡಿಗೂ ಸಂಬಂಧಾನೇ ಇಲ್ಲ, ಮಧ್ಯ ತಡೆ ಇದೆ, ಕಣ್ಣಿಗೇ ಕಾಣತ್ತೆ. ಚಿಂಪಾಂಜಿ ಕುಟ್ಟೋದನ್ನ ಬಿಟ್ಟು ಸೀದಾ ಬಾಗಿಲಿಗೆ ಕೈ ಹಾಕ್ತು. ನಮ್ಮ ಮಕ್ಕಳು? ಕುಟ್ಟಿದ್ರು. ಮತ್ತೆ ಮತ್ತೆ ಕುಟ್ಟಿದ್ರು.

ಮೊದಲ ಸಲ ಇದನ್ನ ಓದಿದಾಗ ನಗು ಬಂತು, ಮನುಷ್ಯನ ಮಕ್ಕಳು ಪೆದ್ದು ಅಂತ. ಆಮೇಲೆ ಆಲೆಮನೆ ನೆನಪಾಯ್ತು. ಕೊಪ್ಪರಿಗೆ ಯಾವತ್ತಿದ್ರೂ ಕಪ್ಪು ಡಬ್ಬೀನೇ, ಒಳಗೆ ಯಾವ ಅಣು ಯಾವುದಕ್ಕೆ ಅಂಟ್ಕೊಳತ್ತೆ ಅಂತ ಯಾರ ಕಣ್ಣಿಗೂ ಕಾಣಲ್ಲ. ಇದ್ರಲ್ಲಿ ಈ ಸ್ಟೆಪ್ ವೇಸ್ಟು, ಬಿಟ್ಟಾಕಣ ಅಂತ ಬುದ್ಧಿವಂತ ಚಿಂಪಾಂಜಿ ಥರ ಬೆಂಡೆಲೋಳೆ ಬಿಟ್ರೆ ಮಡ್ಡಿ ಸರಿಯಾಗಿ ಬಿಡಲ್ಲ, ಸುಣ್ಣ ಬಿಟ್ರೆ ಬೆಲ್ಲ ಕೂರಲ್ಲ. ಅರ್ಥ ಆಗ್ದೇ ಇರೋದನ್ನೂ ಸೇರಿಸಿ ಪೂರ್ತಿ ಕಾಪಿ ಹೊಡೆದ್ರೆ ಮಾತ್ರ ಮುಂದಿನೋರು ಅದರ ಮೇಲೆ ಇನ್ನೊಂದು ಸೇರಿಸ್ಬೋದು. ಹಿಂಗೆ ಒಬ್ಬರ ತಲೇಲಿ ಹುಟ್ಟೋಕೆ ಆಗ್ದೇ ಇರೋ ಕಸುಬು ಹತ್ತು ತಲೆಮಾರು ಸೇರಿ ಹುಟ್ಟತ್ತೆ.

ಆದ್ರೆ ಕಾಪಿ ಹೊಡಿಯೋದು ಯಾರನ್ನ ನೋಡಿ, ಅದು ಇನ್ನೊಂದು ವಿಷಯ. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಬಂದಾಗ ರಯಾನ್ ಮತ್ತೆ ಗ್ರಾಸ್ ಅನ್ನೋರು 259 ರೈತರನ್ನ ವಿಚಾರಿಸಿ 1943ರಲ್ಲಿ ಬರೆದ್ರು. 1928ರಿಂದ 1941ರ ಒಳಗೆ ಇಬ್ಬರನ್ನ ಬಿಟ್ಟು ಎಲ್ರೂ ಹಾಕಿದ್ರು, ಮೊದಲ ಐದಾರು ವರ್ಷ ಬೆರಳೆಣಿಕೆ ಮಂದಿ, ಆಮೇಲೆ ಧಿಡೀರ್ ಅಂತ ಎಲ್ಲಾ. ಬೀಜದ ಸುದ್ದಿ ತಂದಿದ್ದು ಕಂಪನಿ ಸೇಲ್ಸ್‌ಮನ್ನು, ಒಪ್ಪಿಸಿದ್ದು ಪಕ್ಕದ ಹೊಲದೋನು. ವಿಶ್ವೇಶ್ವರಯ್ಯ ನಾಲೆ ನೀರು ಬರೋ ಮುಂಚೆ ನಮ್ಮ ಕಡೆ ಮಳೆ ನಂಬ್ಕೊಂಡು ರಾಗಿ, ಹುರುಳಿ ಬೆಳೀತಿದ್ದೋರೇ ಜಾಸ್ತಿ, ಕೆಆರ್‌ಎಸ್ ಕಟ್ಟಿ 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಫ್ಯಾಕ್ಟರಿ ಬಂದ್ಮೇಲೆ ಕಬ್ಬು ಹರಡಿದ ರೀತಿ ದೊಡ್ಡಪ್ಪ ಹೇಳೋದು ಕೇಳಿದ್ರೆ ಇದೇ ಕಥೆ. "ಬದೂಲಿ ನಿಂತ್ಕಂಡು ನೋಡೋರು, ಅವನ ಮನೆ ಹೆಂಚಾದ್ಮೇಲೆ ಇವನೂ ನಾಟಿ ಹಾಕೋನು."

ಅದೇ ದಾರೀಲಿ ಕೆಟ್ಟದ್ದೂ ಬರತ್ತೆ. ಹೈಡ್ರಾಸ್ ಅಂತ ಬ್ಲೀಚ್ ಮಾಡೋ ಒಂದು ಕೆಮಿಕಲ್ ಪುಡಿ ಇದೆ, ಅದನ್ನ ಹಾಕಿದ್ರೆ ಬೆಲ್ಲ ಹಳದಿ ಬಂಗಾರದ ಥರ ಬರತ್ತೆ, ಮಾರ್ಕೆಟಲ್ಲಿ ಕಣ್ಣು ಹೋಗೋದು ಆ ಬೆಲ್ಲದ ಕಡೆಗೇ. ಕಪ್ಪು ಬೆಲ್ಲ ಮಾಡಿದೋನು ನಷ್ಟ ಮಾಡ್ಕೊಂಡ, ಹಳದಿ ಬೆಲ್ಲ ಮಾಡಿದೋನು ಟ್ರ್ಯಾಕ್ಟರ್ ತಗೊಂಡ, ಊರು ಯಾರನ್ನ ಕಾಪಿ ಹೊಡೆಯತ್ತೆ? ಎವಲ್ಯೂಷನ್ ಅಂದ್ರೆ ಉದ್ಧಾರ ಅಂತಲ್ಲ ಸ್ವಾಮಿ, ಯಾವುದು ಜಾಸ್ತಿ ಕಾಪಿ ಆಗತ್ತೋ ಅದು ಉಳಿಯತ್ತೆ, ಅಷ್ಟೇ. ಬೆಂಡೆಗಿಡ ಜಜ್ಜೋರು ಈಗ ನಮ್ಮ ಸುತ್ತಮುತ್ತ ಇಬ್ರೋ ಮೂವರೋ.

ಆಸ್ಟ್ರೇಲಿಯಾದಲ್ಲಿ ರೀಜೆಂಟ್ ಹನಿಈಟರ್ ಅಂತ ಹಕ್ಕಿ ಇದೆ, ಕೆಲವೇ ನೂರು ಉಳಿದಿವೆ. ಗಂಡು ಮರಿ ಹಾಡು ಕಲಿಯೋದು ದೊಡ್ಡ ಗಂಡು ಹಕ್ಕಿಗಳನ್ನ ಕೇಳಿ, ಈಗ ಹಾಡೋರೇ ಸುತ್ತ ಇಲ್ಲ, ಹಂಗಾಗಿ ಶೇಕಡ 12ರಷ್ಟು ಗಂಡುಗಳು ಬೇರೆ ಜಾತಿ ಹಕ್ಕಿಗಳ ಹಾಡು ಹಾಡ್ತಿದ್ವು ಅಂತ 2021ರಲ್ಲಿ ಗೊತ್ತಾಯ್ತು. ಆ ಹಾಡು ಕೇಳಿ ಹೆಣ್ಣು ಬರೋದೂ ಕಮ್ಮಿ. ದೊಡ್ಡಪ್ಪಂಗೆ ಇದನ್ನ ಹೇಳ್ದೆ. ಸುಮ್ನೆ ಸೌಟು ತಿರುಗಿಸ್ತಾ ಇದ್ರು, ಏನೂ ಅನ್ಲಿಲ್ಲ.

[ದೃಶ್ಯ: ಆಲೆಮನೆ ಹಿಂದುಗಡೆ, ಕಬ್ಬಿನ ಸಿಪ್ಪೆ ರಾಶಿ ಪಕ್ಕ. ಇದು ಪ್ಲಾನ್ ಮಾಡಿ ತೆಗೆದಿದ್ದಲ್ಲ]

ಶೂಟಿಂಗ್ ಮುಗಿಸಿ ಕ್ಯಾಮೆರಾ ಎತ್ಕೊಂಡು ಬರ್ತಿದ್ದಾಗ ಸಿಕ್ಕಿದ್ದು ಇದು. ದೊಡ್ಡಪ್ಪನ ಮೊಮ್ಮಗ, ಆರು ವರ್ಷ. ಒಡೆದ ಮಡಕೇಲಿ ಕೆಸರು ಕಲಸ್ಕೊಂಡು ಕೂತಿದ್ದಾನೆ, ತೆಂಗಿನ ಚಿಪ್ಪಲ್ಲಿ ನೀರು. ಕೆಸರು ಒಂಚೂರು ನೀರಿಗೆ ಹಾಕಿದ, ಬೆರಳಲ್ಲಿ ಉಂಡೆ ಕಟ್ಟಿದ, ಕಣ್ಣು ಕಿರಿದು ಮಾಡಿ ನೋಡಿದ. "ಇನ್ನೂ ಆಗಿಲ್ಲ" ಅಂದ. ಮೈಮೇಲೆ ಬನಿಯನ್ನೂ ಇಲ್ಲ, ಬರೀ ಚಡ್ಡಿ. ಆದ್ರೂ ಕೈನ ಎಡಹೆಗಲಿಗೆ ತಗೊಂಡು ಹೋಗಿ, ಇಲ್ದೇ ಇರೋ ಟವಲಿಗೆ ಎರಡು ಸಲ ಒರೆಸ್ಕೊಂಡ.