ಅಂಗಳದ ಜಗಳಕ್ಕೆ ಅಡ್ಡ ಬರಬೇಡಿ

ಕೇಳುಗರಿಗೆ ನಮಸ್ಕಾರ. ಸಿರ್ಸಿ ಕಡೆ ಅಡಿಕೆ ಸುಲೀತಾ ಕೂತವರು, ಕಾರವಾರ ಅಂಕೋಲಾದಲ್ಲಿ ಚಾ ಹಿಡ್ಕೊಂಡು ರೇಡಿಯೋ ಹಚ್ಚಿದ ಅಪ್ಪ ಅಮ್ಮಂದಿರು, ಈ ಮಾತು ನಿಮಗೇ. ಮಕ್ಕಳ ಮನಶ್ಶಾಸ್ತ್ರ ಪಾಠ ಮಾಡೋಳು ನಾನು, ಹೋದಲ್ಲೆಲ್ಲ ಒಂದೇ ಪ್ರಶ್ನೆ, ಮಕ್ಕಳಿಗೆ ಸಂಸ್ಕಾರ ಹೇಗೆ ಕೊಡೋದು ಅಂತ. ಕೊಡೋಕೆ ಬರೋದಿಲ್ಲ ಮಾರಾಯ್ರೆ! ನ್ಯಾಯದ ಬುದ್ಧಿಯನ್ನ ಮಗು ಓರಗೆಯವರ ಜೊತೆ ಜಗಳ ಆಡಿ, ರಾಜಿ ಆಗಿ, ತಾನೇ ಕಟ್ಕೊಳ್ತದೆ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇದನ್ನ ಗೋಲಿ ಆಟದಲ್ಲಿ ಕಂಡ್ರು, 1932ರಲ್ಲಿ ಪುಸ್ತಕ ಬಂತು. ಮಕ್ಕಳ ಎದುರು ಗೋಲಿ ಹಿಡ್ಕೊಂಡು ಕೂತು, ನಂಗೆ ಆಟ ಕಲಿಸಿ, ಈ ರೂಲ್ಸ್ ಬದಲಾಯಿಸ್ಬಹುದಾ ಅಂತ ಕೇಳಿದ್ರು. ಐದಾರು ವರ್ಷದವರು, ಇಲ್ಲ, ದೊಡ್ಡವರು ಮಾಡಿದ್ದು, ದೇವರು ಮಾಡಿದ್ದು ಅಂದ್ರು, ಆದ್ರೆ ಆಡೋವಾಗ ಒಬ್ಬೊಬ್ಬರದು ಒಂದೊಂದು ಆಟ. ಹತ್ತು ದಾಟಿದವರು ಎಲ್ಲರೂ ಒಪ್ಪಿದ್ರೆ ಬದಲಾಯಿಸ್ಬಹುದು ಅಂದ್ರು, ಒಪ್ಪಿದ ರೂಲ್ಸನ್ನ ಚಾಚೂ ತಪ್ಪದೆ ಪಾಲಿಸಿದವರೂ ಅವರೇ.

ಸಿರ್ಸಿ ಹತ್ರ ಒಂದು ಮನೆಗೆ ಹೋಗಿದ್ದೆ. ಸಗಣಿ ಸಾರಿಸಿದ ಅಂಗಳದಲ್ಲಿ ಐದು ಹುಡುಗರು ಗೋಲಿ ಆಡ್ತಿದ್ರು, ಎಲ್ಲಕ್ಕಿಂತ ಸಣ್ಣವನ ಗೋಲಿ ಗುಳಿವರೆಗೆ ಮುಟ್ತಾನೇ ಇಲ್ಲ, ಅವನ ಕಿಸೆ ಖಾಲಿ, ಕಣ್ಣಲ್ಲಿ ನೀರು. ಒಬ್ಬ ಅಂದ, "ಸಣ್ಣಂವ ಎರಡು ಹೆಜ್ಜೆ ಮುಂದಿಂದ ಹೊಡೀಲಿ." ಇನ್ನೊಬ್ಬ, "ಹಂಗಾರೆ ನಂಗೂ ಬೇಕು, ನನ್ನ ಕೈ ನೋವು." ಯಾರ ಹೆಜ್ಜೆ, ದೊಡ್ಡವನದ್ದಾ ಸಣ್ಣವನದ್ದಾ, ಅದಕ್ಕೇ ಮತ್ತೊಂದು ಜಗಳ, ಸುಮಾರು ಹೊತ್ತು ಕಳೀತು, ಕೊನೆಗೆ ಸಣ್ಣವನದೇ ಎರಡು ಹೆಜ್ಜೆ ಅಂತ ಒಪ್ಪಿ ಒಬ್ಬ ಹಿಮ್ಮಡಿಯಿಂದ ಗೆರೆ ಎಳೆದ. ಅಷ್ಟ್ರಲ್ಲಿ ಅಪ್ಪ ಹೊರಗೆ ಬಂದು "ಸಾಕು ಗಲಾಟೆ, ಅವನ ಗೋಲಿ ಅವನಿಗೆ ವಾಪಸ್ ಕೊಡಿ" ಅಂದ್ರು. ಕೊಟ್ರು, ಒಬ್ಬೊಬ್ಬರೇ ಎದ್ದು ಹೋದ್ರು. ಗೆರೆ ಹಾಗೇ ಉಳೀತು, ಅದರ ಮೇಲೆ ಯಾರೂ ನಿಲ್ಲಲೇ ಇಲ್ಲ. ನಂಗೆ ಇವತ್ತಿಗೂ ಹೊಟ್ಟೆ ಉರೀತದೆ.

ಸಮಾಜದ್ದೂ ಇದೇ ದಾರಿ. ಮರ ಅಪ್ಪಿ ಹಿಡಿದು ಕಡಿಯೋದನ್ನ ತಡೆದ ಚಿಪ್ಕೋ ಚಳವಳಿ ಸುದ್ದಿ ದೂರದ ಹಿಮಾಲಯದಿಂದ ಬಂತು ಸರಿ, ಆದ್ರೆ 1983ರ ಸೆಪ್ಟೆಂಬರಲ್ಲಿ ನಮ್ಮ ಸಿರ್ಸಿ ಕಡೆಯ ಸಾಲ್ಕಣಿ ಊರವರು ಕಾಡಿಗೆ ನಡೆದು ಮರ ಅಪ್ಪಿಕೊಂಡಿದ್ದು ಬರೀ ಯಾರದೋ ಉಪದೇಶ ಕೇಳಿ ಅಲ್ಲ, ಸರ್ಕಾರಿ ಮರ ಸರ್ಕಾರ ಕಡೀಲಿ ಅನ್ನೋ ಹಳೇ ರೂಲ್ಸು ಸರೀನಾ ಅಂತ ತಮ್ಮಲ್ಲೇ ಕೇಳ್ಕೊಂಡು. ಅಪ್ಪಿಕೊ ಅಂತ ಹೆಸರಾದ ಈ ಚಳವಳಿ ಬಗ್ಗೆ ಇನ್ನೂ ತುಂಬ ಹೇಳೋದಿತ್ತು, ಟೈಮ್ ಆಯ್ತು ಅಂತಿದ್ದಾರೆ.

ಇವತ್ತು ಸಂಜೆ ಅಂಗಳದಲ್ಲಿ ಗಲಾಟೆ ಕೇಳಿದ್ರೆ ದಯವಿಟ್ಟು ಸ್ವಲ್ಪ ಹೊತ್ತು ಒಳಗೇ ಕೂತಿರಿ. ನಮಸ್ಕಾರ.