ವಿಷಾದವೋ, ಕ್ಷಮೆಯೋ?

ಕೇಳುಗರಿಗೆ ನಮಸ್ಕಾರ. ವಿಷಾದಕ್ಕೂ ಕ್ಷಮೆಗೂ ನಡುವೆ ಎಷ್ಟು ದೂರ? ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ಬೇರು ಬಿಟ್ಟ ಕೆಲವು ಮನೆತನಗಳನ್ನು ಕೇಳಬೇಕು.

1857ರ ಸೆಪ್ಟೆಂಬರ್. ಅರ್ಕನ್ಸಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ ವಲಸಿಗರ ಬಂಡಿಗಳು ಯೂಟಾದ ಮೌಂಟನ್ ಮೆಡೋಸ್ ಎಂಬ ಹುಲ್ಲುಗಾವಲಿನಲ್ಲಿ ತಂಗಿದ್ದವು. ಐದು ದಿನ ಮುತ್ತಿಗೆ. 11ನೇ ತಾರೀಕು ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಪಡೆಯ ಜಾನ್ ಡಿ. ಲೀ ಬಿಳಿ ಬಾವುಟದ ನೆರಳಿನಲ್ಲಿ ಬಂದ. ಆಯುಧ ಒಪ್ಪಿಸಿದರೆ ಸುರಕ್ಷಿತವಾಗಿ ದಾಟಿಸುವುದಾಗಿ ನಂಬಿಸಿದ. ಮುಂದೆ ಗಾಯಾಳುಗಳೂ ಎಳೆಯ ಮಕ್ಕಳೂ ಇದ್ದ ಬಂಡಿಗಳು, ಹಿಂದೆ ಹೆಂಗಸರು, ಕೊನೆಗೆ ಗಂಡಸರು. ಒಬ್ಬೊಬ್ಬ ಗಂಡಸಿನ ಪಕ್ಕಕ್ಕೂ ಒಬ್ಬ ಬಂದೂಕುಧಾರಿ ಕಾವಲುಗಾರ. ಕಾವಲುಗಾರರು ಕಾದಿದ್ದ ಸಂಕೇತದ ಕೂಗು ಕೇಳಿಸಿತು, ಕೊಲೆ ಶುರುವಾಯಿತು. ಸುಮಾರು 120 ಜನ ಸತ್ತರು. ಉಳಿದದ್ದು 17 ಮಕ್ಕಳು. ಎಲ್ಲರೂ ಸಾಕ್ಷಿ ಹೇಳಲಾರದಷ್ಟು ಚಿಕ್ಕವರೆಂದು ಬಿಟ್ಟಿದ್ದರು. ಶಿಕ್ಷೆಯಾದದ್ದು ಲೀ ಒಬ್ಬನಿಗೆ, ಅದೂ ಇಪ್ಪತ್ತು ವರ್ಷಗಳ ಮೇಲೆ. ತಪ್ಪನ್ನು ಪೈಯೂಟ್ ಆದಿವಾಸಿಗಳ ತಲೆಗೆ ಕಟ್ಟಿದ್ದು ಬೇರೆ.

2007ರಲ್ಲಿ, ನೂರೈವತ್ತನೇ ವರ್ಷದಂದು, ಮಾರ್ಮನ್ ಚರ್ಚಿನ ಹಿರಿಯ ಹೆನ್ರಿ ಐರಿಂಗ್ ಅದೇ ನೆಲದಲ್ಲಿ ನಿಂತು ವಿಷಾದ ಓದಿದರು. ಸತ್ತವರ ಕೆಲವು ವಂಶಸ್ಥರು ಕಣ್ಣೊರೆಸಿಕೊಂಡರು. ಕೆಲವರು ಕಾಗದದಲ್ಲಿ ‘ಕ್ಷಮಿಸಿ’ ಎಂಬ ಪದವನ್ನು ಹುಡುಕಿದರು.

ಮರುವರ್ಷ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಈ ಹತ್ಯಾಕಾಂಡದ ಬಗ್ಗೆ ಒಂದು ದಪ್ಪ ಪುಸ್ತಕ ಬಂತು. ಬರೆದ ಮೂವರೂ ಮಾರ್ಮನ್ನರು. ಒಬ್ಬರಂತೂ ಚರ್ಚಿನ ಇತಿಹಾಸ ವಿಭಾಗದ ದೊಡ್ಡ ಅಧಿಕಾರಿ. ಕೊಲೆ ಮಾಡಿಸಿದ್ದು ಸ್ಥಳೀಯ ಮುಖಂಡರೇ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಆದರೆ ಚರ್ಚಿನ ಅಂದಿನ ಮುಖ್ಯಸ್ಥ ಬ್ರಿಗಮ್ ಯಂಗ್ ಆಜ್ಞೆ ಕೊಟ್ಟಿರಲಿಲ್ಲ, ವಲಸಿಗರನ್ನು ಬಿಟ್ಟುಬಿಡಿ ಎಂಬ ಅವರ ಪತ್ರ ತಲುಪುವಾಗ ಎರಡು ದಿನ ತಡವಾಗಿತ್ತು ಎಂದೂ ಬರೆದರು. ಇಲ್ಲಿಯೇ ವಂಶಸ್ಥರು ಕವಲೊಡೆಯುತ್ತಾರೆ. ಚರ್ಚಿನ ಬೀರುವಿನಲ್ಲಿದ್ದ ದಾಖಲೆ ಕೊನೆಗೂ ಹೊರಬಂತಲ್ಲ ಎನ್ನುವವರಿದ್ದಾರೆ. ಬೀರುವಿನ ಬೀಗದ ಕೈ ಇರುವವರೇ ತೀರ್ಪನ್ನೂ ಬರೆದರೆ ಹೇಗೆ ಎನ್ನುವವರೂ ಇದ್ದಾರೆ. ನನಗೆ ಎರಡನೆಯವರ ಸಿಟ್ಟು ಅರ್ಥವಾಗುತ್ತದೆ. ಪುಸ್ತಕವನ್ನು ತಳ್ಳಿಹಾಕಲು ಮಾತ್ರ ಮನಸ್ಸು ಬಾರದು.

ಸಿಟ್ಟಿಗೆ ಹಳೆಯ ಕಾರಣವೂ ಉಂಟು. 1999ರ ಆಗಸ್ಟಿನಲ್ಲಿ ಚರ್ಚು ಸ್ಮಾರಕವನ್ನು ಹೊಸದಾಗಿ ಕಟ್ಟಿಸುವಾಗ ಅಗೆಯುವ ಯಂತ್ರದ ಬಾಯಿಗೆ ಮೂಳೆಗಳು ಸಿಕ್ಕವು, ಕನಿಷ್ಠ 28 ಜನರವು. ತಲೆಬುರುಡೆಗಳಲ್ಲಿ ಗುಂಡಿನ ತೂತುಗಳಿದ್ದವು. ತಜ್ಞರ ಪರೀಕ್ಷೆ ಅರ್ಧಕ್ಕೇ ನಿಂತು, ಸೆಪ್ಟೆಂಬರ್ 10ಕ್ಕೆ ಅವು ಮತ್ತೆ ಮಣ್ಣು ಸೇರಿದವು. ಬೇಗ ಮಣ್ಣು ಮಾಡಿದ್ದೇ ಒಳ್ಳೆಯದು ಎಂದವರೂ ವಂಶಸ್ಥರೇ, ಯಾರ ಮೂಳೆ ಯಾರದೆಂದು ತಿಳಿಯಬೇಕಿತ್ತು ಎಂದವರೂ ವಂಶಸ್ಥರೇ.

2011ರಲ್ಲಿ ಆ ಸ್ಥಳ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತಾಯಿತು. ಗೋರಿಯ ಜಾಗವನ್ನು ಸರ್ಕಾರ ನೋಡಿಕೊಳ್ಳಲಿ ಎಂದು ವಂಶಸ್ಥರ ಒಂದು ಗುಂಪು ಬಹುಕಾಲ ಕೇಳಿತ್ತು. ಜಮೀನಿನ ಪತ್ರ ಮಾತ್ರ ಚರ್ಚಿನ ಹೆಸರಿನಲ್ಲಿಯೇ ಉಳಿಯಿತು.